ಬತ್ತಿ ಸುತ್ತಿ ಮಾಡಿದ ಹರವಿ ಏಕೆ ಸೀಳುತ್ತದೆ, ಏಕೆ ಚಕ್ಕೆ ಏಳುತ್ತದೆ?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು. ತಿಗರಿ (ಕುಂಬಾರನ ಚಕ್ರ) ಇಲ್ಲದೆ, ಮಣ್ಣಿನ ಬತ್ತಿ ಹೊಸೆದು ಒಂದರ ಮೇಲೊಂದು ಸುತ್ತಿ, ಒಂದು ಅಡಿ ಎತ್ತರದ ನೀರಿನ ಹರವಿ ಮಾಡಬೇಕೆಂದು ಹೊರಟಿದ್ದೇನೆ. ಮಣ್ಣು ನಮ್ಮ ಹೊಲದ್ದೇ, ಎರೆಮಣ್ಣು. ಕೈಗೆ ಬಹಳ ಚೆನ್ನಾಗಿ ಬರುತ್ತದೆ. ಆದರೆ ಒಣಗುವಾಗ ಬತ್ತಿ ಬತ್ತಿಯ ನಡುವೆ ಅಡ್ಡಡ್ಡ ಬಿರುಕು ಬಿಡುತ್ತದೆ, ತಳವೂ ಸೀಳುತ್ತದೆ. ಉಳಿದ ಎರಡನ್ನು ಕುಳ್ಳಿನಲ್ಲಿ ಸುಟ್ಟೆ. ತೆಗೆದಾಗ ಚೆನ್ನಾಗಿದ್ದವು. ಕೆಲವು ದಿನಗಳ ಮೇಲೆ ಮೈಮೇಲೆ ಬಿಳಿ ಚುಕ್ಕಿ ಕಾಣಿಸಿಕೊಂಡು ಚಕ್ಕೆ ಚಕ್ಕೆಯಾಗಿ ಉದುರತೊಡಗಿದವು. ಬತ್ತಿಗಳ ನಡುವೆ ಇನ್ನೂ ನೀರು ಹೆಚ್ಚು ಹಚ್ಚಬೇಕೆ? ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿದರೆ ಗಟ್ಟಿಯಾಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮೊದಲು ಎರಡು ಪ್ರಶ್ನೆಗೂ ನೇರ ಉತ್ತರ ಕೊಡುತ್ತೇನೆ. ನೀರು ಹೆಚ್ಚಿಸಬೇಡಿ. ಈಗ ಹಚ್ಚುತ್ತಿರುವುದೇ ಹೆಚ್ಚಾಗಿರುವ ಸಾಧ್ಯತೆ ಇದೆ. ಸಿಮೆಂಟನ್ನಂತೂ ಸುಡುವ ಮಣ್ಣಿಗೆ ಬೆರೆಸಲೇಬೇಡಿ. ಸಿಮೆಂಟ್ ಹುಟ್ಟುವುದೇ ಸುಣ್ಣಕಲ್ಲಿನಿಂದ. ನೀರು ಕುಡಿದು ಗಟ್ಟಿಯಾದ ಸಿಮೆಂಟ್ ಬೆಂಕಿಗೆ ಬಿದ್ದರೆ ಕುಡಿದ ನೀರನ್ನೆಲ್ಲ ಬಿಟ್ಟು ಪುಡಿಯಾಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಮತ್ತೆ ಉಬ್ಬುತ್ತದೆ. ನಿಮ್ಮ ಹರವಿಯ ಮೈಮೇಲಿನ ಬಿಳಿ ಚುಕ್ಕಿಯೂ ಸುಣ್ಣದ್ದೇ ಕಾಟ. ಇರುವ ಕಾಟಕ್ಕೆ ಇನ್ನಷ್ಟು ಸೇರಿಸಿಕೊಂಡಂತಾಗುತ್ತದೆ.

ನೀವು ಹೇಳಿರುವುದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಅಡ್ಡ ಬಿರುಕು ಹಳೆಯ ಬತ್ತಿಗೂ ಹೊಸ ಬತ್ತಿಗೂ ತೇವ ಸಮ ಇಲ್ಲದ್ದರಿಂದ ಬರುತ್ತದೆ. ತಳ ಸೀಳುವುದು ಕೆಳಗಿನ ಹಲಗೆಗೆ ಅಂಟಿಕೊಂಡಿದ್ದರಿಂದ. ಚಕ್ಕೆ ಏಳುವುದು ಮಣ್ಣಿನೊಳಗೆ ಉಳಿದ ಸುಣ್ಣದ ಹರಳಿನಿಂದ. ಆದರೆ ಮೂರನ್ನೂ ದೊಡ್ಡದು ಮಾಡಿದ್ದು ಒಂದೇ ಸಂಗತಿ: ಹೊಲದ ಎರೆಮಣ್ಣನ್ನು ಸೋಸದೆ, ಏನೂ ಬೆರೆಸದೆ ಹಾಗೆಯೇ ಬಳಸಿದ್ದು. ಆದ್ದರಿಂದ ಇಲ್ಲಿ ಮಣ್ಣಿನ ಮಾತೇ ಹೆಚ್ಚು ಬರುತ್ತದೆ. ಬತ್ತಿ ಸುತ್ತುವುದು ಕೆಲವೇ ದಿನಗಳಲ್ಲಿ ಕೈಗೆ ಹತ್ತುತ್ತದೆ. ಮಣ್ಣನ್ನು ಓದಲು ಬರದಿದ್ದರೆ ಆ ಕೈಚಳಕವೆಲ್ಲ ದಂಡ.

ಎರೆಮಣ್ಣಿನ ಗುಣ

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಜಾಸ್ತಿ. ಇದರ ಕಣಗಳು ತೆಳ್ಳಗಿನ ಪದರಗಳ ಕಟ್ಟು. ಆ ಪದರಗಳ ನಡುವೆಯೇ ನೀರು ಹೊಕ್ಕು ಮಣ್ಣನ್ನು ಉಬ್ಬಿಸುತ್ತದೆ, ನೀರು ಹೋದಾಗ ಅಷ್ಟೇ ಜೋರಾಗಿ ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕೈ ಇಳಿಯುವಷ್ಟು ಅಗಲಕ್ಕೆ ಬಾಯಿಬಿಡುವುದು ಇದೇ ಕಾರಣಕ್ಕೆ. ಹಸಿಯಿದ್ದಾಗ ಎಳೆದಂತೆ ಬರುತ್ತದೆ, ಬಾಗಿಸಿದಂತೆ ಬಾಗುತ್ತದೆ, ಹಾಗಾಗಿ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ ಅನಿಸುತ್ತದೆ. ಆ ಗುಣವೇ ನೆರಳಿಗಿಟ್ಟ ಮೇಲೆ ಮುಳುವಾಗುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತಿಗೆ, ಆಷಾಢದ ಗುಳ್ಳವ್ವಗೆ ಇದೇ ಮಣ್ಣು ನಡೆಯುತ್ತದೆ. ಅವು ಚಿಕ್ಕವು, ಸುಡುವ ಮಾತಿಲ್ಲ, ನೀರು ತುಂಬುವ ಮಾತೂ ಇಲ್ಲ. ಹರವಿಯ ಲೆಕ್ಕ ಬೇರೆ.

ಇನ್ನು ಸುಣ್ಣ. ಸೇಡಂ, ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ನೆಲ ಭೀಮಾ ಕಣಿವೆಯ ಸುಣ್ಣಕಲ್ಲಿನ ಮೇಲಿದೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ, ಮನೆ ಮನೆಗೆ ಶಹಾಬಾದ್ ಕಲ್ಲು ಹಾಸಿದ್ದೂ ಅದರಿಂದಲೇ. ಅಲ್ಲಿನ ಎರೆಮಣ್ಣಿನಲ್ಲಿ ಸಾಸಿವೆ ಗಾತ್ರದಿಂದ ಕಡಲೆ ಗಾತ್ರದವರೆಗೆ ಮಾಸಲು ಬಿಳಿಯ ಸುಣ್ಣದ ಹರಳು ಸಿಗುತ್ತವೆ. ಬೆಂಕಿಯ ಕಾವು ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಹರಳು ಒಡೆದು ಸುಟ್ಟಸುಣ್ಣವಾಗತೊಡಗುತ್ತದೆ, 850–900ರ ಹೊತ್ತಿಗೆ ಪೂರ್ತಿ ಆಗಿರುತ್ತದೆ. ಹರವಿ ಆರಿದ ಮೇಲೆ ಆ ಸುಟ್ಟಸುಣ್ಣ ಗಾಳಿಯ ತೇವವನ್ನು ಮೆಲ್ಲಗೆ ಹೀರಿ ಅರಳುತ್ತದೆ. ಅರಳುವಾಗ ಜಾಗ ಬೇಕು. ಮೇಲಿನ ಮಣ್ಣನ್ನು ತಳ್ಳಿ ಚಕ್ಕೆ ಎಬ್ಬಿಸುತ್ತದೆ. ಉದುರಿದ ಚಕ್ಕೆಯ ಕುಳಿಯ ನಟ್ಟನಡುವೆ ಬಿಳಿ ಪುಡಿಯ ಚುಕ್ಕೆ ಇದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಸುಟ್ಟ ದಿನ ಚೆನ್ನಾಗಿದ್ದು ಆಮೇಲೆ ಕೆಡುವುದು ಈ ಕಾಯಿಲೆಯ ಗುರುತು.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಣ ಮಣ್ಣಿನ ಪುಡಿಯ ಮೇಲೆ ನಿಂಬೆರಸ ಇಲ್ಲವೇ ವಿನೆಗರ್ ಹಾಕಿದರೆ, ಸುಣ್ಣವಿದ್ದಲ್ಲಿ ನೊರೆ ಗುಳ್ಳೆ ಏಳುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಮಣ್ಣಿನಲ್ಲಿ ನುಣ್ಣಗೆ ಬೆರೆತ ಸುಣ್ಣವೂ ನೊರೆ ಬರಿಸುತ್ತದೆ, ಆದರೆ ಅದರಿಂದ ಚಕ್ಕೆ ಏಳುವುದಿಲ್ಲ. ಚಕ್ಕೆ ಎಬ್ಬಿಸುವುದು ಹರಳು, ಅದರಲ್ಲೂ ಅರ್ಧ ಮಿಲಿಮೀಟರಿಗಿಂತ ದಪ್ಪದ್ದು. ಆದ್ದರಿಂದ ಬರೀ ಮಣ್ಣಿನ ಮೇಲೆ ಅಲ್ಲ, ಮಣ್ಣನ್ನು ಸೋಸಿದ ಮೇಲೆ ಜರಡಿಯಲ್ಲಿ ಉಳಿದ ಕಾಳಿನ ಮೇಲೂ ನಿಂಬೆರಸ ಹಿಂಡಿ ನೋಡಿ. ಆ ಕಾಳು ಗುಳ್ಳೆ ಬಿಟ್ಟರೆ ನಿಮ್ಮ ಶತ್ರು ಸಿಕ್ಕಂತೆ.

ಮಣ್ಣು ಎಲ್ಲಿಂದ ತರಬೇಕು, ಏನು ಬೆರೆಸಬೇಕು

ಸಾಧ್ಯವಿದ್ದರೆ ಸುಣ್ಣಕಲ್ಲಿನ ಪಟ್ಟಿಯ ಆಚೆಯ ಮಣ್ಣು ತನ್ನಿ. ಗುರುಮಠಕಲ್, ಯಾದಗಿರಿ ಕಡೆ ಗ್ರಾನೈಟ್ ಬಂಡೆಯ ನೆಲ. ಬಂಡೆಗುಡ್ಡದಿಂದ ನೀರು ಹರಿದು ಬರುವ ಕೆರೆಗಳ ಗೋಡುಮಣ್ಣಿನಲ್ಲಿ ಸುಣ್ಣ ಕಡಿಮೆ, ನುಣ್ಣನೆ ಮರಳು ತಾನಾಗಿಯೇ ಬೆರೆತಿರುತ್ತದೆ. ಹರವಿಗೆ ಅದು ಬಹಳ ಒಗ್ಗುತ್ತದೆ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದ ಕೆಂಪುಮಣ್ಣಿನಲ್ಲಿ ಸುಣ್ಣ ಸಾವಿರಾರು ವರ್ಷಗಳ ಮಳೆಗೆ ತೊಳೆದುಹೋಗಿರುತ್ತದೆ. ಅದರ ಜೇಡಿ ಹೆಚ್ಚು ಕುಗ್ಗುವ ಜಾತಿಯದಲ್ಲ, ಆದರೆ ಕೈಗೆ ಒರಟು, ಬತ್ತಿ ಹೊಸೆದರೆ ಮುರಿಯುತ್ತದೆ. ಇವೆರಡರಲ್ಲಿ ಒಂದನ್ನು ನಿಮ್ಮ ಎರೆಮಣ್ಣಿನೊಂದಿಗೆ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಯಾವುದೂ ಸಿಗದಿದ್ದರೆ ನಿಮ್ಮೂರ ಮಸಾರಿ (ಕೆಂಪು ನೆಲದ) ಹೊಲದ ಮಣ್ಣನ್ನೇ ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ಮೇಲಿನ ಒಂದು ಅಡಿ ಮಣ್ಣು ಬಿಟ್ಟು ಕೆಳಗಿನದು ತೆಗೆಯಿರಿ, ಮೇಲಿನದರಲ್ಲಿ ಬೇರು, ಕಸ, ಗೊಬ್ಬರ ಇರುತ್ತದೆ.

ಸೋಸುವ ಕ್ರಮ ಹೀಗಿರಲಿ. ಮಣ್ಣನ್ನು ಮೊದಲು ಪೂರ್ತಿ ಒಣಗಿಸಿ, ಹೆಂಟೆ ಒಡೆದು, ಆಮೇಲೆ ನೀರಿಗೆ ಹಾಕಿ. ಒಣಗಿದ ಮಣ್ಣು ನೀರಿಗೆ ಬಿದ್ದ ಕೂಡಲೇ ತಾನಾಗಿ ಕರಗುತ್ತದೆ, ಅರೆಹಸಿಯದು ದಿನಗಟ್ಟಲೆ ಗಡ್ಡೆಯಾಗಿಯೇ ಕೂರುತ್ತದೆ. ಒಂದು ರಾತ್ರಿ ನೆನೆದ ಮೇಲೆ ಕಲಕಿ, ತೆಳ್ಳಗಿನ ರಾಡಿ ಮಾಡಿ, ಮೊದಲು ಸೊಳ್ಳೆ ಜಾಲರಿಯಲ್ಲಿ, ಆಮೇಲೆ ಹಿಟ್ಟಿನ ಸಾಣಿಗೆಯಲ್ಲಿ ಇಲ್ಲವೇ ಹಳೆಯ ತೆಳು ನೈಲಾನ್ ಸೀರೆಯಲ್ಲಿ ಇಳಿಸಿ. ಸೊಳ್ಳೆ ಜಾಲರಿ ಒಂದೇ ಸಾಲದು, ಸಾಸಿವೆಗಿಂತ ಸಣ್ಣ ಹರಳು ಅದರಲ್ಲಿ ಇಳಿದುಬಿಡುತ್ತದೆ. ಜರಡಿಯಲ್ಲಿ ಉಳಿದ ಹರಳನ್ನು ತಿಕ್ಕಿ ಇಳಿಸುವ ಕೆಲಸ ಮಾಡಬೇಡಿ. ತಿಳಿನೀರು ಬಸಿದು, ಕೆಳಗಿನ ರಾಡಿಯನ್ನು ಗೋಣಿಚೀಲದ ಮೇಲೆ ನೆರಳಲ್ಲಿ ಹರವಿ ಬಿಗಿಯಾಗಲು ಬಿಡಿ. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ನೇರವಾಗಿ ಹರವಿ ಕೆರೆಯಬೇಡಿ. ಆ ಕಲ್ಲಿನ ಚೂರೇ ಮಣ್ಣಿಗೆ ಸೇರಿಕೊಂಡು ಮಾಡಿದ ಕೆಲಸ ವ್ಯರ್ಥವಾಗುತ್ತದೆ.

ಬೆರಕೆಯ ಅಳತೆ ಒಣ ಪುಡಿಯಲ್ಲಿ, ಬಟ್ಟಲ ಲೆಕ್ಕದಲ್ಲಿ ಹೇಳುತ್ತೇನೆ: ಎರೆಮಣ್ಣು 1, ಕೆರೆಗೋಡು ಅಥವಾ ಕೆಂಪುಮಣ್ಣು 2, ಹೆಂಚಿನ ಪುಡಿ 1. ಇದು ಶುರುವಿಗೆ, ಕಲ್ಲಿನ ಮೇಲೆ ಬರೆದದ್ದಲ್ಲ. ಹೆಂಚಿನ ಪುಡಿ ಎಂದರೆ ಒಡೆದ ಮಂಗಳೂರು ಹೆಂಚನ್ನು ಕುಟ್ಟಿ, ಒಂದು ಮಿಲಿಮೀಟರಿನಷ್ಟು ದಪ್ಪಕ್ಕೆ ಜರಡಿ ಹಿಡಿದು, ಹಿಟ್ಟಿನಂಥ ಧೂಳನ್ನು ತೂರಿ ತೆಗೆದದ್ದು. ಅದು ಒಮ್ಮೆ ಸುಟ್ಟ ಮಣ್ಣಾದ್ದರಿಂದ ಮತ್ತೆ ಕುಗ್ಗುವುದಿಲ್ಲ, ಒಳಗಿನ ತೇವಕ್ಕೆ ಹೊರಬರಲು ದಾರಿ ಮಾಡುತ್ತದೆ, ಬೆಂಕಿಯಲ್ಲೂ ತಂಟೆ ಮಾಡುವುದಿಲ್ಲ. ಕುಟ್ಟುವಾಗ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹೆಂಚಿನ ಬದಲು ನದಿ ಮರಳು ಹಾಕಬಹುದು, ಆದರೆ ಅದಕ್ಕೂ ನಿಂಬೆರಸದ ಪರೀಕ್ಷೆ ಆಗಲೇಬೇಕು. ಮರಳಿನ ಬೆಣಚುಕಲ್ಲಿನ ಕಣ 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲಿಗೇ ಬಂದು ಥಟ್ಟನೆ ಕುಗ್ಗುತ್ತದೆ. ಮರಳು ಹೆಚ್ಚಿದ್ದರೆ ಆ ಹಂತದಲ್ಲಿ ಬಹಳ ನಿಧಾನ ಬೇಕು.

ನೀರು ತಣ್ಣಗಿಡುವ ಹರವಿಗೆ ಒಣ ಸಗಣಿ ಅಥವಾ ಕತ್ತೆಲದ್ದಿಯ ಪುಡಿಯನ್ನು ಒಟ್ಟು ಬೆರಕೆಯ ಎಂಟನೇ ಒಂದು ಪಾಲು ಸೇರಿಸಿ. ಬೆಂಕಿಯಲ್ಲಿ ಅದು ಉರಿದುಹೋಗಿ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ಆ ರಂಧ್ರಗಳಿಂದ ನೀರು ಮೈಮೇಲೆ ಬಂದು ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುವುದು. ನಮ್ಮ ಕಡೆಯ ಬೇಸಿಗೆಯ ಒಣಹವೆಗೆ ಇದು ಚೆನ್ನಾಗಿ ನಡೆಯುತ್ತದೆ. ಪಾಲು ಹೆಚ್ಚಿಸಿದರೆ ಮಾತ್ರ ಗೋಡೆ ಜಾಳಾಗಿ ನೀರು ತೊಟ್ಟಿಕ್ಕುತ್ತದೆ.

ಸುಣ್ಣ ಪೂರ್ತಿ ಹೋಗಿಲ್ಲ ಎಂಬ ಅನುಮಾನವಿದ್ದರೆ ಒಂದು ಕಿಲೋ ಒಣ ಮಣ್ಣಿಗೆ 10 ಗ್ರಾಂ ಅಡುಗೆ ಉಪ್ಪನ್ನು ಕಲಸುವ ನೀರಿನಲ್ಲಿ ಕರಗಿಸಿ ಹಾಕಿ. ಸುಣ್ಣದ ಚಕ್ಕೆ ಕಡಿಮೆ ಮಾಡಲು ಉಪ್ಪು ನೆರವಾಗುತ್ತದೆ. ಒಣಗುವಾಗ ಮೈಮೇಲೆ ತೆಳ್ಳನೆ ಬಿಳಿ ಪೊರೆ ಕಟ್ಟುತ್ತದೆ, ಸುಟ್ಟ ಬಣ್ಣವೂ ಸ್ವಲ್ಪ ಮಾಸಲಾಗುತ್ತದೆ. ಅದು ದೋಷವಲ್ಲ.

ಈಗ ಕುಗ್ಗುವ ಅಳತೆ. ಬೆರಕೆಯನ್ನು ಕಲಸಿ 14 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಪಟ್ಟಿ ಮಾಡಿ. ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಕೊರೆಯಿರಿ. ನೆರಳಲ್ಲಿ ಮಗುಚಿ ಮಗುಚಿ ಪೂರ್ತಿ ಒಣಗಿಸಿ ಮತ್ತೆ ಗೆರೆ ಅಳೆಯಿರಿ. ಎಷ್ಟು ಮಿಲಿಮೀಟರ್ ಕಡಿಮೆಯಾಯಿತೋ ಅಷ್ಟು ಶೇಕಡಾ ಕುಗ್ಗಿದೆ ಎಂದರ್ಥ. 5ರಿಂದ 8 ಮಿ.ಮೀ. ಆದರೆ ಬತ್ತಿ ಕೆಲಸಕ್ಕೆ ಸರಿ. 10 ದಾಟಿದರೆ ಹೆಂಚಿನ ಪುಡಿ ಅಥವಾ ಕೆಂಪುಮಣ್ಣು ಹೆಚ್ಚಿಸಿ. 4ಕ್ಕಿಂತ ಕಡಿಮೆಯಾಗಿ ಬತ್ತಿಯೂ ಮುರಿಯುತ್ತಿದ್ದರೆ ಎರೆಮಣ್ಣು ಸ್ವಲ್ಪ ಹೆಚ್ಚಿಸಿ. ಬರೀ ಎರೆಮಣ್ಣಿನದೂ ಒಂದು ಪಟ್ಟಿ ಮಾಡಿ ಪಕ್ಕದಲ್ಲಿಟ್ಟು ನೋಡಿ. ಅದು ಬಿಲ್ಲಿನ ಹಾಗೆ ಡೊಂಕಾಗಿ, ಮೈಯೆಲ್ಲ ಬಿರುಕಾಗಿ ನಿಮ್ಮ ಅರ್ಧ ಪ್ರಶ್ನೆಗೆ ತಾನೇ ಉತ್ತರ ಕೊಡುತ್ತದೆ. ಈ ಅಳತೆಯಿಂದ ಇನ್ನೊಂದು ಲಾಭ: ಬೆರಕೆ ಶೇ. 8 ಕುಗ್ಗುವುದಾದರೆ 30 ಸೆಂ.ಮೀ. ಹರವಿ ಬೇಕಿದ್ದಾಗ ಹಸಿಯಲ್ಲಿ ಸುಮಾರು 32.6 ಸೆಂ.ಮೀ. ಎತ್ತರಕ್ಕೆ ಕಟ್ಟಬೇಕು ಎಂಬ ಲೆಕ್ಕ ಸಿಗುತ್ತದೆ.

ಕಲಸಿದ ಮಣ್ಣನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಹೊದಿಸಿ ಕನಿಷ್ಠ ಒಂದು ವಾರ ಮಾಗಲು ಬಿಡಿ. ಹುಳಿ ವಾಸನೆ ಬಂದರೆ ಒಳ್ಳೆಯದೇ. ಬಳಸುವ ಮುನ್ನ ಚೆನ್ನಾಗಿ ತುಳಿದು, ನಾದಿ, ದಾರದಿಂದ ಎರಡು ಹೋಳು ಮಾಡಿ ನೋಡಿ. ಕೊಯ್ದ ಮುಖದಲ್ಲಿ ಬಣ್ಣದ ಪಟ್ಟೆ, ತೂತು ಕಾಣಬಾರದು.

ಬತ್ತಿ ಹೊಸೆಯುವುದು, ಸುತ್ತುವುದು

30 ಸೆಂ.ಮೀ. ಎತ್ತರ, ಹೊಟ್ಟೆಯಲ್ಲಿ 22ರಿಂದ 24 ಸೆಂ.ಮೀ. ಅಗಲದ ಹರವಿಗೆ ಸುಮಾರು 4 ಕಿಲೋ ಕಲಸಿದ ಮಣ್ಣು ಹಿಡಿಯುತ್ತದೆ. ಕೈಯಲ್ಲಿ ನಾಲ್ಕೂವರೆ ಕಿಲೋ ಇಟ್ಟುಕೊಂಡು ಕೂರಿ. ನಡುವೆ ಮಣ್ಣು ಸಾಲದೆ ಬಂದು ಹೊಸದಾಗಿ ಕಲಸಿದರೆ ಅದರ ತೇವ ಬೇರೆಯಾಗುತ್ತದೆ, ಬಿರುಕಿನ ಬೀಜ ಅಲ್ಲೇ ಬೀಳುತ್ತದೆ.

ಗುಂಡು ತಳದ ಹರವಿಗೆ ಒಂದು ಅಗಲವಾದ ಬೋಗುಣಿಯನ್ನು ಸಿಂಬಿಯ ಮೇಲೆ ಕೂರಿಸಿ, ಒಳಗೆ ತೆಳು ಹತ್ತಿ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಬೂದಿ ಉದುರಿಸಿ. ಮಣ್ಣನ್ನು 1 ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ ಅದರೊಳಗೆ ಒತ್ತಿ. ಸಿಂಬಿಯ ಮೇಲೆ ಬೋಗುಣಿ ಸಲೀಸಾಗಿ ತಿರುಗುವುದರಿಂದ ನೀವು ಸುತ್ತ ಓಡಾಡಬೇಕಿಲ್ಲ. ನಿಮ್ಮ ತಳ ಸೀಳಿದ್ದು ಬಹುಶಃ ಹಲಗೆಗೆ ಕಚ್ಚಿಕೊಂಡಿದ್ದರಿಂದ. ಗೋಡೆ ಕುಗ್ಗಿ ಒಳಗೆ ಸರಿಯಬೇಕು, ತಳ ಹಲಗೆ ಬಿಡದೆ ಹಿಡಿದುಕೊಂಡರೆ ನಡುವೆ ಹರಿಯದೆ ಬೇರೆ ದಾರಿಯಿಲ್ಲ. ಬೂದಿ, ಬಟ್ಟೆ, ಹಳೆ ಪೇಪರ್ ಯಾವುದಾದರೂ ಒಂದು ನಡುವೆ ಇರಲೇಬೇಕು. ತಳವನ್ನು ಗೋಡೆಗಿಂತ ಬಹಳ ದಪ್ಪ ಮಾಡುವುದೂ ತಪ್ಪು. ದಪ್ಪ ಭಾಗ ತಡವಾಗಿ ಒಣಗಿ ತಡವಾಗಿ ಕುಗ್ಗುತ್ತದೆ.

ಬತ್ತಿಯ ದಪ್ಪ 1.5 ಸೆಂ.ಮೀ., ಎಂದರೆ ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣ. ಒರೆಸಿ ಒತ್ತಿದ ಮೇಲೆ ಅದು 9 ಮಿ.ಮೀ. ಗೋಡೆಯಾಗಿ, ಒಂದು ಸುತ್ತಿಗೆ 2 ಸೆಂ.ಮೀ.ಗೆ ಹತ್ತಿರ ಎತ್ತರ ಕೊಡುತ್ತದೆ. ಹಾಗಾಗಿ ಒಂದು ಹರವಿಗೆ 15–16 ಸುತ್ತು. ಮರದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಅಂಗೈ ಬುಡದಿಂದ ಬೆರಳ ತುದಿಯವರೆಗೆ ಉದ್ದಕ್ಕೆ ಹೊಸೆಯಿರಿ. ಚಿಕ್ಕ ಚಿಕ್ಕದಾಗಿ ಉಜ್ಜಿದರೆ ಬತ್ತಿ ಚಪ್ಪಟೆಯಾಗುತ್ತದೆ. ಹೊಸೆದ ಬತ್ತಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿ ನೋಡಿ. ಜೋಳದ ರೊಟ್ಟಿ ಬಡಿಯುವಾಗ ಹಿಟ್ಟಿಗೆ ಜಿಗಿ ಸಾಲದೆ ಅಂಚು ಒಡೆಯುವಂತೆ ಹೊರಮೈ ಬಿರಿದರೆ ಮಣ್ಣಿಗೆ ನೀರು ಅಥವಾ ಜಿಗಿ ಕಡಿಮೆ ಇದೆ. ಕೈಗೆ ಅಂಟಿ ಹೊಳೆಯುತ್ತಿದ್ದರೆ ನೀರು ಹೆಚ್ಚಿದೆ. ಬೇಕಾದ ನಾಲ್ಕೈದು ಬತ್ತಿ ಒಟ್ಟಿಗೆ ಹೊಸೆದು ಒದ್ದೆ ಬಟ್ಟೆಯಡಿ ಮುಚ್ಚಿಟ್ಟುಕೊಳ್ಳಿ.

ಇನ್ನು ಬೆಸುಗೆ. ನಿಮ್ಮ ಪ್ರಶ್ನೆಯ ತಿರುಳು ಇದೇ. ಬತ್ತಿಗೆ ಬತ್ತಿ ಕೂಡುವುದು ಒತ್ತಿ ಒರೆಸುವುದರಿಂದ. ನೀರು ಅಂಟಲ್ಲ. ಎರಡೂ ಬತ್ತಿ ಹಸಿಯಾಗಿ ಒಂದೇ ಹದದಲ್ಲಿದ್ದರೆ ನಡುವೆ ಏನೂ ಹಚ್ಚಬೇಕಿಲ್ಲ. ಬತ್ತಿಯನ್ನು ಅಂಚಿನ ಮೇಲೆ ಕೂರಿಸಿ, ಒಂದು ಕೈಯ ಬೆರಳು ಹೊರಗೆ ಆಸರೆಯಾಗಿಟ್ಟು, ಒಳಗಿನಿಂದ ಹೆಬ್ಬೆರಳಲ್ಲಿ ಹೊಸ ಬತ್ತಿಯ ಮಣ್ಣನ್ನು ಕೆಳಗಿನ ಬತ್ತಿಯ ಮೇಲೆ ಒಂದೂವರೆ ಸೆಂಟಿಮೀಟರಿನಷ್ಟು ಎಳೆದು ಒತ್ತಿ. ಒಂದು ಒತ್ತು ಇನ್ನೊಂದನ್ನು ಅರ್ಧ ಮುಚ್ಚುವಂತೆ ಸುತ್ತಲೂ ಹೋಗಿ. ಆಮೇಲೆ ಹೊರಗಿನಿಂದ ಕೆಳಗಿನ ಬತ್ತಿಯ ಮಣ್ಣನ್ನು ತೋರುಬೆರಳಲ್ಲಿ ಮೇಲಕ್ಕೆ ಎಳೆದು ಒತ್ತಿ. ಒಳಗೆ ಕೆಳಮುಖ, ಹೊರಗೆ ಮೇಲ್ಮುಖ. ಆಗ ಸಂದು ಎರಡೂ ಕಡೆ ಕೊಂಡಿ ಹಾಕಿಕೊಳ್ಳುತ್ತದೆ. ಹೊರಗೆ ಚೆಂದ ಕಾಣಲೆಂದು ಒರೆಸಿ ಒಳಗೆ ಹಾಗೇ ಬಿಟ್ಟ ಹರವಿ ಖಂಡಿತ ಸೀಳುತ್ತದೆ. ಬತ್ತಿಯ ಎರಡು ತುದಿ ಸೇರುವಲ್ಲಿ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿ, ಪ್ರತಿ ಸುತ್ತಿನ ಸೇರುವ ಜಾಗವನ್ನು ಬೇರೆ ಬೇರೆ ಕಡೆಗೆ ಸರಿಸಿ.

ಕೆಳಗಿನ ಅಂಚು ಬಿಗಿದುಕೊಂಡಿದ್ದಾಗ ಮಾತ್ರ ಗೀರು ಹಾಕಿ ರಾಡಿ ಹಚ್ಚಬೇಕು. ಹಳೆಯ ಬಾಚಣಿಗೆಯಿಂದ ಎರಡು ಮಿ.ಮೀ. ಆಳಕ್ಕೆ ಅಡ್ಡ ಉದ್ದ ಗೀರಿ, ಅದೇ ಬೆರಕೆಯ, ಮಜ್ಜಿಗೆಯಷ್ಟಲ್ಲ, ಗಟ್ಟಿ ಮೊಸರಿನಷ್ಟು ದಪ್ಪದ ರಾಡಿಯನ್ನು ತೆಳ್ಳಗೆ ಹಚ್ಚಿ. ಬರೀ ನೀರು ಹಚ್ಚಿದರೆ ಏನಾಗುತ್ತದೆ ಎಂದರೆ, ಸಂದಿನಲ್ಲಿ ಒಂದು ಪದರ ಮಣ್ಣು ಅತಿ ಮೆತ್ತಗಾಗುತ್ತದೆ. ಮಿಕ್ಕ ಗೋಡೆಗಿಂತ ಅದು ಹೆಚ್ಚು ಕುಗ್ಗುತ್ತದೆ, ಅಲ್ಲೇ ಬಿಟ್ಟುಕೊಳ್ಳುತ್ತದೆ.

ತೇವ ಸಮ ಇಲ್ಲದಿದ್ದರೆ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನೀವು ಕಟ್ಟುತ್ತಿರುವ ಅಂಚಿನ ಸುತ್ತಳತೆ 60 ಸೆಂ.ಮೀ., ಮಣ್ಣು ಒಟ್ಟು ಶೇ. 8 ಕುಗ್ಗುವಂಥದ್ದು. ನೀವು ಊಟಕ್ಕೆ ಎದ್ದು ಹೋದಾಗ ಕೆಳಗಿನ ಅಂಚು ಅರ್ಧ, ಎಂದರೆ ಶೇ. 4 ಕುಗ್ಗಿತು ಎನ್ನಿ. ಅದರ ಮೇಲೆ ಹೊಸ ಹಸಿ ಬತ್ತಿ ಕೂರಿಸಿದಿರಿ. ಇನ್ನು ಮುಂದೆ ಹಳೆಯದು ಶೇ. 4, ಹೊಸದು ಶೇ. 8 ಕುಗ್ಗಬೇಕು. 60 ಸೆಂ.ಮೀ. ಸುತ್ತಿನಲ್ಲಿ ಆ ವ್ಯತ್ಯಾಸ 2.4 ಸೆಂ.ಮೀ. ಅಂಟಿಕೊಂಡ ಎರಡು ಸುತ್ತುಗಳ ನಡುವೆ ಅಷ್ಟು ಎಳೆದಾಟ ತಡೆಯುವ ರಾಡಿ ಯಾವುದೂ ಇಲ್ಲ. ಶೇ. 14 ಕುಗ್ಗುವ ಎರೆಮಣ್ಣಾದರೆ ಇನ್ನೂ ಕಷ್ಟ. ಆದ್ದರಿಂದ ಏಳುವಾಗಲೆಲ್ಲ ಅಂಚಿಗೆ ಹಿಂಡಿದ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಹೋಗಿ, ಎರಡು ನಿಮಿಷಕ್ಕೆ ಎದ್ದರೂ.

ಹಾಗೆಂದು ಒಂದೇ ಉಸಿರಿಗೆ 16 ಸುತ್ತು ಏರಿಸಲೂ ಬರುವುದಿಲ್ಲ. ಕೆಳಗಿನ ಮಣ್ಣು ಭಾರ ತಾಳದೆ ಹೊಟ್ಟೆ ಜೋಲುತ್ತದೆ. ಮೂರು ನಾಲ್ಕು ಸುತ್ತು ಹಾಕಿ ನಿಲ್ಲಿಸಿ, ಅಂಚನ್ನು ಮಾತ್ರ ಮುಚ್ಚಿ, ಕೆಳಗಿನ ಗೋಡೆ ಗಾಳಿಗೆ ಬಿಗಿಯಲು ಬಿಡಿ. ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಹತ್ತಬಾರದು. ಅದು ಮುಂದಿನ ಸುತ್ತಿನ ಹೊತ್ತು. ಡಿಸೆಂಬರಿನಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿದರೆ, ಏಪ್ರಿಲ್ ಬಿಸಿಗಾಳಿಯಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಹೊಸದಾಗಿ ಕಲಿಯುವವರು ದೀಪಾವಳಿಯಿಂದ ಶಿವರಾತ್ರಿಯೊಳಗೆ ಮಾಡಿಕೊಳ್ಳುವುದು ಒಳ್ಳೆಯದು. ಹರವಿ ಅಗಲವಾಗಬೇಕಾದಲ್ಲಿ ಬತ್ತಿಯನ್ನು ಅಂಚಿನ ಹೊರಬದಿಗೆ, ಕಿರಿದಾಗಬೇಕಾದಲ್ಲಿ ಒಳಬದಿಗೆ ಕೂರಿಸಿ. ಒಂದು ಸುತ್ತಿಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಸರಿಸಬೇಡಿ. ಹೆಗಲು ತಿರುಗುವಲ್ಲಿ ಅವಸರ ಮಾಡಿದರೆ ಗೋಡೆ ಒಳಗೆ ಕುಸಿಯುತ್ತದೆ.

ತಟ್ಟುವುದನ್ನು ಬಿಡಬೇಡಿ

ಬತ್ತಿ ಕೆಲಸ ಕಲಿಸುವ ಬಹಳ ವಿಡಿಯೋಗಳಲ್ಲಿ ಈ ಹಂತವೇ ಇರುವುದಿಲ್ಲ. ನೀರಿನ ಹರವಿಗೆ ಮಾತ್ರ ಇದು ಬೇಕೇ ಬೇಕು. ಗೋಡೆ ಅರೆಒಣ ಹದಕ್ಕೆ ಬಂದಾಗ ಒಳಗೆ ಒಂದು ನುಣುಪಾದ ಗುಂಡುಕಲ್ಲು ಹಿಡಿದು, ಹೊರಗಿನಿಂದ ಚಪ್ಪಟೆ ಮರದ ಹಲಗೆಯಲ್ಲಿ ಕಲ್ಲಿನ ನೇರಕ್ಕೇ ತಟ್ಟುತ್ತಾ ತಿರುಗಿಸಿ. ಹಲಗೆ ಅಂಟಿದರೆ ಬೂದಿ ಮುಟ್ಟಿಸಿ. ತಟ್ಟಿದಷ್ಟೂ ಮಣ್ಣಿನ ಕಣ ಒತ್ತಾಗಿ ಕೂರುತ್ತದೆ, ಬತ್ತಿಯ ಸಂದು ಹೆಸರಿಲ್ಲದಂತೆ ಕೂಡಿಕೊಳ್ಳುತ್ತದೆ, ಗೋಡೆ ಎಲ್ಲೆಡೆ ಒಂದೇ ದಪ್ಪಕ್ಕೆ ಬರುತ್ತದೆ. ಒಳಗೆ ಟೊಳ್ಳಿದ್ದ ಕಡೆ ಸದ್ದೇ ಬೇರೆ, ಮಂದವಾಗಿ ಕೇಳುತ್ತದೆ. ಅಲ್ಲಿ ಸೂಜಿ ಚುಚ್ಚಿ ಗಾಳಿ ಬಿಟ್ಟು ಮತ್ತೆ ತಟ್ಟಿ. ಭಾಲ್ಕಿಯ ಶರಣ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ತಾಳಕ್ಕೆ ಶಿವನೇ ಕುಣಿದ ಎಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ತಾಳ ಕುಂಬಾರನಿಗೆ ಗೋಡೆಯ ಗಟ್ಟಿತನ ತಿಳಿಸುವ ಸದ್ದೂ ಹೌದು.

ಕೊನೆಗೆ ಅಂಚನ್ನು ಒದ್ದೆ ಚರ್ಮದ ತುಂಡಿನಲ್ಲಿ ಹಿಡಿದು ಒತ್ತಿ ನುಣುಪು ಮಾಡಿ. ಮೈ ಹೊಳೆಯಬೇಕಿದ್ದರೆ ಇನ್ನೂ ಸ್ವಲ್ಪ ಒಣಗಿದ ಮೇಲೆ ಹೊಳೆಯ ನುಣ್ಣನೆ ಬೆಣಚುಕಲ್ಲಿನಿಂದ ಉಜ್ಜಿ. ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ ಬೂದಿದಿಬ್ಬಗಳ ಕಾಲದ, ನವಶಿಲಾಯುಗದ ಮಡಕೆಗಳು ಬಹುಪಾಲು ತಿಗರಿಯಿಲ್ಲದೆ ಕೈಯಲ್ಲೇ ಮಾಡಿದವು. ಅವುಗಳ ಬೂದುಬಣ್ಣದ ಹೊಳಪು ಬಂದದ್ದು ಹೀಗೆ ಉಜ್ಜಿಯೇ. ನೀರಿನ ಹರವಿಗೆ ಕೊರಳನ್ನಷ್ಟೇ ಉಜ್ಜಿ ಹೊಟ್ಟೆಯನ್ನು ಬಿಡಿ. ಪೂರ್ತಿ ಉಜ್ಜಿದರೆ ಮೈ ಮುಚ್ಚಿಕೊಂಡು ನೀರು ಅಷ್ಟು ತಣ್ಣಗಾಗುವುದಿಲ್ಲ.

ಒಣಗಿಸುವುದು

ಒಂದು ಅಡಿಯ ಹರವಿಗೆ 8ರಿಂದ 10 ದಿನ ಕೊಡಿ. ಮೊದಲ ಮೂರು ದಿನ ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ, ದಿನಕ್ಕೊಮ್ಮೆ ಒಳಮೈ ಹೊರಗೆ ಮಾಡಿ ಹೊದಿಸಿ, ಏಕೆಂದರೆ ಅದರ ಒಳಗೆ ಕಟ್ಟಿದ ಹನಿ ಹರವಿಯ ಮೇಲೆ ಬಿದ್ದ ಕಡೆ ಮತ್ತೆ ಬಿರುಕು. ಅಂಚು ಗಟ್ಟಿಯಾದ ಮೇಲೆ ಬೋಗುಣಿಯಿಂದ ಬಿಡಿಸಿ ಬೋರಲು ಹಾಕಿ, ತಳಕ್ಕೂ ಗಾಳಿ ಸಿಗಲಿ. ಆಮೇಲೆ ಗೋಣಿಚೀಲ ಹೊದಿಸಿದರೆ ಸಾಕು. ಫ್ಯಾನ್ ಬೇಡ, ಬಾಗಿಲ ಗಾಳಿ ಬೇಡ. ಅಂಚಿನಿಂದ ಕೆಳಗೆ ನೆಟ್ಟಗೆ ಇಳಿಯುವ ಬಿರುಕು ಕಂಡರೆ ಅಂಚು ಮೊದಲು ಒಣಗಿತು ಎಂದರ್ಥ, ಮುಂದಿನ ಸಲ ಅಂಚಿಗೆ ಹೆಚ್ಚು ಹೊತ್ತು ಬಟ್ಟೆ ಇರಲಿ. ಒಣಗಿತೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ. ಇನ್ನೂ ಖಚಿತ ಬೇಕಿದ್ದರೆ ತೂಕ ಹಾಕಿ. ಎರಡು ದಿನ ತೂಕ ಬದಲಾಗದಿದ್ದರೆ ಸುಡಬಹುದು. ಹಸಿ ಹರವಿಯ ಬಿರುಕಿಗೆ ರಾಡಿ ತುಂಬಬಹುದು. ಒಣಗಿದ ಮೇಲಿನ ಬಿರುಕಿಗೆ ಏನು ಮೆತ್ತಿದರೂ ಬೆಂಕಿಯಲ್ಲಿ ಬಿಡುತ್ತದೆ.

ಸುಡುವುದು

ಸಂಜೆ ಹೊತ್ತಿಗೆ ಬೆಂಕಿ ಜೋರಾಗುವಂತೆ ಶುರು ಮಾಡಿ. ಕಾರಣ ಮುಂದೆ ಹೇಳುತ್ತೇನೆ. ಗಾಳಿಯಿಲ್ಲದ ದಿನ ನೋಡಿ, ಒಂದು ಅಡಿ ಆಳದ ಅಗಲ ಕುಳಿ ತೆಗೆದು, ಹರವಿಗಳನ್ನು ಮಡಕೆ ಚೂರಿನ ಮೇಲೆ ಎತ್ತರಿಸಿ ಬೋರಲಿಡಿ. ಮೊದಲು ಕುಳಿಯ ಅಂಚಿನಲ್ಲಿ, ಹರವಿಗಳಿಂದ ದೂರ, ಸಣ್ಣ ಬೆಂಕಿ ಸುತ್ತಲೂ ಇಟ್ಟು ಎರಡು ಗಂಟೆ ಬರೀ ಕಾಯಿಸಿ. ಮೇಲೆ ಸ್ಟೀಲ್ ತಟ್ಟೆ ಹಿಡಿದರೆ ಹಬೆ ಕಟ್ಟಬಾರದು, ಅಲ್ಲಿಯವರೆಗೆ ಬೆಂಕಿ ಹತ್ತಿರ ತರಬೇಡಿ. ಶುರುವಿನಲ್ಲೇ ಫಟ್ ಎಂದು ಸಿಡಿಯುವುದು ಒಳಗಿನ ನೀರು ಆವಿಯಾಗಿ ಹೊರಡಲು ದಾರಿ ಸಿಗದೆ. ಗಾಳಿಗುಳ್ಳೆಯ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ, ಒಣಗಿದ ಮಣ್ಣಿನಲ್ಲಿ ಗುಳ್ಳೆ ಇದ್ದರೂ ಸಿಡಿಯುವುದಿಲ್ಲ.

ಆಮೇಲೆ ಕುಳ್ಳುಗಳನ್ನು ಕೆಳಗೂ ಸುತ್ತಲೂ ಮೇಲೂ ಒಂದು ಅಡಿ ದಪ್ಪಕ್ಕೆ ಒಟ್ಟಿ, ಹುಲ್ಲು ಹೊದಿಸಿ, ಒಡೆದ ಮಡಕೆ ಚೂರು ಮುಚ್ಚಿ, ಅಲ್ಲಲ್ಲಿ ಗಾಳಿಕಂಡಿ ಬಿಟ್ಟು ಬೂದಿ ಎಳೆಯಿರಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ನಮ್ಮಲ್ಲಿ ಯಥೇಚ್ಛ. ಆದರೆ ಅವು ಭರ್ರನೆ ಉರಿದು ಕಾವನ್ನು ಒಮ್ಮೆಗೇ ಏರಿಸುತ್ತವೆ. ಹೊತ್ತಿಸಲು ಮತ್ತು ಕೊನೆಯಲ್ಲಿ ಬೇಕಿದ್ದರೆ ಕಾವು ಸ್ವಲ್ಪ ಹೆಚ್ಚಿಸಲು ಬಳಸಿ. ನಡುವಿನ ಕೆಲಸ ನಿಧಾನ ಉರಿಯುವ ಕುಳ್ಳಿನದು.

ಸಂಜೆ ಏಕೆಂದರೆ ಕತ್ತಲಲ್ಲಿ ಹರವಿಯ ಬಣ್ಣ ಕಾಣುತ್ತದೆ. ಕಂಡಿಯಲ್ಲಿ ನೋಡಿದಾಗ ಮಂದ ಕೆಂಪಿದ್ದರೆ ಹೆಚ್ಚುಕಡಿಮೆ 650ರಿಂದ 700 ಡಿಗ್ರಿ, ಕಡು ಕೆಂಪು ತಿಳಿಯಾಗುತ್ತಾ ಬಂದರೆ 750–800. ಮಣ್ಣು ಮತ್ತೆ ಕರಗದಂತೆ ಆಗಲು 600 ದಾಟಿದರೆ ಸಾಕು, ಸುಣ್ಣದ ಹರಳು ಕೆಡುವುದು 700ರ ಮೇಲೆ. ಆದ್ದರಿಂದ ಸುಣ್ಣದ ಅನುಮಾನವಿರುವ ಮಣ್ಣಿಗೆ ಮಂದ ಕೆಂಪಿನಲ್ಲೇ ನಿಲ್ಲಿಸುವುದು ಜಾಣತನ. ಹರವಿ ಸ್ವಲ್ಪ ಮೆದುವಾಗಿಯೇ ಉಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಸುಣ್ಣವಿಲ್ಲದ ಕೆರೆಗೋಡಿನ ಬೆರಕೆಯಾದರೆ ಧೈರ್ಯವಾಗಿ 800ರವರೆಗೆ ಒಯ್ಯಿರಿ, ಬೆರಳ ಗೆಣ್ಣಿನಿಂದ ಬಡಿದರೆ ಠಣ್ ಎನ್ನುವ ಹರವಿ ಸಿಗುತ್ತದೆ. ಏನೇ ಆದರೂ ಮರುದಿನ ಬೆಳಿಗ್ಗೆಯವರೆಗೆ ಬೂದಿ ಸರಿಸಬೇಡಿ. ಬಿಸಿ ಹರವಿಗೆ ತಣ್ಣನೆ ಗಾಳಿ ತಗುಲಿದರೆ ಚೂಪು ಅಂಚಿನ, ಕೂದಲೆಳೆಯ ಬಿರುಕು ಬರುತ್ತದೆ. ಬಾಯ್ದೆರೆದ ಅಗಲ ಬಿರುಕಾದರೆ ಅದು ಒಣಗುವಾಗಲೇ ಹುಟ್ಟಿ ಬೆಂಕಿಯಲ್ಲಿ ದೊಡ್ಡದಾದದ್ದು.

ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಾದ ಕೂಡಲೇ ಹರವಿಯನ್ನು ತೊಟ್ಟಿಯ ನೀರಿನಲ್ಲಿ ಪೂರ್ತಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ, ಒಂದು ರಾತ್ರಿ ಇದ್ದರೂ ಸರಿ. ಒಳಗೆ ಚೂರುಪಾರು ಸುಟ್ಟಸುಣ್ಣ ಇದ್ದರೆ ಗಾಳಿಯ ತೇವಕ್ಕೆ ಮೆಲ್ಲಗೆ ಉಬ್ಬುವ ಬದಲು ನೀರಿನಲ್ಲಿ ಒಮ್ಮೆಗೇ ಅರಳಿ ಮೆತ್ತಗಾಗುತ್ತದೆ. ಸಣ್ಣ ಹರಳಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಕಡಲೆ ಗಾತ್ರದ್ದಕ್ಕೆ ನಡೆಯುವುದಿಲ್ಲ. ಒಂದೆರಡು ಸಲ ನೀರು ತುಂಬಿ ಚೆಲ್ಲಿ, ಉಪ್ಪು ಬೂದಿಯ ರುಚಿ ಹೋದ ಮೇಲೆ ಕುಡಿಯಲು ಬಳಸಿ. ಒಳಗೆ ಬಣ್ಣ, ವಾರ್ನಿಶ್ ಏನೂ ಬಳಿಯಬೇಡಿ.

ನಿಮ್ಮಲ್ಲಿ ಈಗಿರುವ ಒಣಗಿ ಸೀಳಿದ, ಸುಡದ ಹರವಿಗಳನ್ನು ಎಸೆಯಬೇಡಿ. ಒಡೆದು ನೀರಿಗೆ ಹಾಕಿ, ರಾಡಿಯಾದ ಮೇಲೆ ಹಿಟ್ಟಿನ ಸಾಣಿಗೆಯಲ್ಲಿ ಸೋಸಿಕೊಂಡರೆ ಮೇಲಿನ ಬೆರಕೆಯಲ್ಲಿ ಎರೆಮಣ್ಣಿನ ಪಾಲು ಅದೇ ಆಗುತ್ತದೆ. ಚಕ್ಕೆ ಎದ್ದ ಸುಟ್ಟ ಹರವಿಗಳನ್ನು ಕುಟ್ಟಿ ಪುಡಿ ಮಾಡಿ ಮಣ್ಣಿಗೆ ಬೆರೆಸುವುದು ಮಾತ್ರ ಬೇಡ, ಅದರೊಳಗಿನ ಸುಣ್ಣ ಹೊಸ ಹರವಿಗೂ ಹೋಗುತ್ತದೆ. ಅವನ್ನು ದೊಡ್ಡ ಚೂರುಗಳಾಗಿ ಒಡೆದಿಟ್ಟುಕೊಳ್ಳಿ, ಮುಂದಿನ ಸಲ ಕುಳಿಯ ಮೇಲೆ ಮುಚ್ಚಲು ಬರುತ್ತವೆ.